ಬಿರುಗಾಳಿಯೂ ಕ್ಷೇಮಸಮಾಚಾರವೂ

(ಅಂತಿಮ ಬಿ.ಎ. ತರಗತಿ)

ನಮ್ಮ ಹಿರಿಯರು ಕಾಗದ ಬರೆಯುವಾಗ ಮೊದಲನೆಯ ಸಾಲಿನಲ್ಲಿ ‘ಉಭಯ ಕುಶಲೋಪರಿ’ ಎಂದು ಬರೆದು ಆಮೇಲೆ ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ಕಾಗದದ ಕೊನೆಯಲ್ಲಿ ‘ಆಗಾಗ್ಗೆ ನಿಮ್ಮ ಕ್ಷೇಮಸಮಾಚಾರಕ್ಕೆ ಬರೆಯುತ್ತಿರಬೇಕು’ ಎಂಬ ಮಾತು ತಪ್ಪುತ್ತಿರಲಿಲ್ಲ. ಇವೆಲ್ಲ ಬರಿಯ ಉಪಚಾರದ ಮಾತುಗಳೆಂದು ಈಗಿನವರು ನಗುವುದುಂಟು. ಆದರೆ ವಿಚಾರ ಮಾಡಿ ನೋಡಿದರೆ ಅವುಗಳಲ್ಲಿ ದೊಡ್ಡದೊಂದು ಅರ್ಥವಿದೆ. ‘ಉಭಯ’ವೆಂದರೆ ಎರಡು ಕಡೆ. ಇಲ್ಲಿಯ ಕ್ಷೇಮ ಅಲ್ಲಿಗೂ, ಅಲ್ಲಿಯ ಕ್ಷೇಮ ಇಲ್ಲಿಗೂ ತಿಳಿದ ಹೊರತು ಮಿಕ್ಕ ಯಾವ ಮಾತಿಗೂ ಬೆಲೆಯಿಲ್ಲ ಎಂಬುದೇ ಆ ಅರ್ಥ. ಬಿರುಗಾಳಿಯ ದಿನಗಳಲ್ಲಿ ಮನೆ ಮರಗಳಿಗಿಂತ ಮೊದಲು ಮುರಿದು ಬೀಳುವುದು ಈ ‘ಉಭಯ’ವೇ.

ಪುಸ್ತಕಗಳಲ್ಲಿ ಬಿರುಗಾಳಿಯನ್ನು ಗಾಳಿಯ ವೇಗ, ಮಳೆಯ ಪ್ರಮಾಣ, ಸತ್ತವರ ಸಂಖ್ಯೆ, ನಷ್ಟದ ಮೊತ್ತ ಇವುಗಳಿಂದ ಅಳೆಯುತ್ತಾರೆ. ಇದು ಅವಶ್ಯವೇ ಸರಿ. ಆದರೆ ಗಾಳಿಯ ದಾರಿಯಲ್ಲಿರದೆ, ನೂರಾರು ಮೈಲಿಗಳ ಆಚೆ ಕುಳಿತು, ತಮ್ಮವರಿಗೆ ಏನಾಯಿತೋ ಎಂದು ಕಾಯುವವರ ಲೆಕ್ಕ ಈ ಯಾವ ಅಂಕಣದಲ್ಲೂ ಬರುವುದಿಲ್ಲ. ಅವರ ಸ್ಥಿತಿಯನ್ನು ಸ್ವಲ್ಪ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅದಕ್ಕಾಗಿ 2017ನೆಯ ಇಸವಿಯ ಎರಡು ಬಿರುಗಾಳಿಗಳನ್ನು ಮುಖ್ಯವಾಗಿ ತೆಗೆದುಕೊಂಡಿದ್ದೇನೆ. ಒಂದು ಅಟ್ಲಾಂಟಿಕ್ ಸಾಗರದ ‘ಮರಿಯಾ’, ಇನ್ನೊಂದು ನಮ್ಮ ಅರಬ್ಬಿ ಸಮುದ್ರದ ‘ಓಖಿ’. ಮೊದಲನೆಯದನ್ನು ಓದಿ ತಿಳಿದಿದ್ದೇನೆ. ಎರಡನೆಯದನ್ನು ಮನೆಯಲ್ಲಿಯೇ ಕಂಡಿದ್ದೇನೆ.

ಬಿರುಗಾಳಿಯ ಹೆಸರು ಮತ್ತು ಸ್ವರೂಪ

ಅಟ್ಲಾಂಟಿಕ್ ಕಡೆಯಲ್ಲಿ ‘ಹರಿಕೇನ್’, ಚೀನಾ ಜಪಾನುಗಳ ಕಡೆಯಲ್ಲಿ ‘ಟೈಫೂನ್’, ನಮ್ಮ ಕಡೆಯಲ್ಲಿ ‘ಸೈಕ್ಲೋನ್’ ಎಂದು ಕರೆಯುವುದು ಒಂದೇ ಬಗೆಯ ಗಾಳಿಯನ್ನು. ಹರಿಕೇನ್ ಎಂಬುದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೋ ಜನರ ಮಾತು. ಸ್ಪೇನಿನವರ ಬಾಯಿಯಿಂದ ಯೂರೋಪಿಗೆ ಹೋಯಿತು. ಸೈಕ್ಲೋನ್ ಎಂಬ ಹೆಸರನ್ನು ಕಟ್ಟಿದವನು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಹಾವಿನ ಸುರುಳಿಯನ್ನು ನೆನಪಿಗೆ ತರುವ ಗ್ರೀಕ್ ಪದದಿಂದ ಅವನು ಅದನ್ನು ಮಾಡಿಕೊಂಡನು.

ಸಮುದ್ರದ ಮೇಲ್ಭಾಗದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಬಿಸಿಯಾಗಿದ್ದಾಗ ಅದರಿಂದೆದ್ದ ಹಬೆ ಮೇಲಕ್ಕೇರಿ ಮೋಡವಾಗುತ್ತದೆ. ಹಾಗೆ ಮೋಡವಾಗುವಾಗ ಬಿಟ್ಟುಕೊಟ್ಟ ಶಾಖವು ಸುತ್ತಲಿನ ಗಾಳಿಯನ್ನು ಮತ್ತೆ ಮತ್ತೆ ಸೆಳೆಯುತ್ತದೆ. ಭೂಮಿಯ ಆವರ್ತನೆಯ ಕಾರಣದಿಂದ ನಮ್ಮ ಉತ್ತರಾರ್ಧಗೋಳದಲ್ಲಿ ಈ ಗಾಳಿ ಅಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ಅಟ್ಲಾಂಟಿಕ್‌ನಲ್ಲಿ ಅದರ ವೇಗ ಗಂಟೆಗೆ 119 ಕಿಲೋಮೀಟರು ಮುಟ್ಟಿದರೆ ಹರಿಕೇನ್ ಎನ್ನುತ್ತಾರೆ. ಅಲ್ಲಿಂದ ಮೇಲೆ ಐದು ದರ್ಜೆಗಳಿವೆ. ನಮ್ಮ ವಿಷಯಕ್ಕೆ ಇಷ್ಟು ಸಾಕು.

ಮೂರು ಬಗೆಯ ಸುದ್ದಿ

ನಾನು ಉತ್ತರ ಕನ್ನಡದ ಕರಾವಳಿಯವನು. ನನ್ನ ತಂದೆ ಬೇರೆಯವರ ದೋಣಿಯಲ್ಲಿ ದುಡಿಯುವ ಖಲಾಸಿ. ಆಳಸಮುದ್ರದ ಮೀನುಗಾರಿಕೆಗೆ ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ ಬರುವುದಿಲ್ಲ. ನನ್ನ ತಾಯಿಗೆ ಅಕ್ಷರ ಬಾರದು. ನಮ್ಮ ಮನೆಯಲ್ಲಿ ಪತ್ರಿಕೆಯನ್ನು ಓದಿ ಹೇಳುವ ಕೆಲಸ ನನ್ನದೇ ಆಗಿತ್ತು. 2017ರ ಡಿಸೆಂಬರ್ ಮೊದಲ ವಾರದಲ್ಲಿ ನಾನು ಏಳನೆಯ ತರಗತಿಯಲ್ಲಿದ್ದೆ. ತಂದೆ ಸಮುದ್ರದಲ್ಲಿದ್ದರು. ಓಖಿ ಬಿರುಗಾಳಿ ಲಕ್ಷದ್ವೀಪವನ್ನು ದಾಟಿ ಉತ್ತರಕ್ಕೆ ತಿರುಗುತ್ತಿದೆಯೆಂದೂ, ಗಾಳಿಯ ವೇಗ ಇಷ್ಟೆಂದೂ, ಅಲೆಗಳು ಇಷ್ಟು ಎತ್ತರವೆಂದೂ ನಾನು ಓದುತ್ತ ಹೋದೆ. ತಾಯಿ ಎಲ್ಲವನ್ನೂ ಕೇಳಿ, ‘ಇದೆಲ್ಲಾ ಗಾಳಿ ಸುದ್ದಿ ಆಯ್ತು ಮಗಾ, ಮನುಷ್ಯರ ಸುದ್ದಿ ಯಾವಾಗ ಹೇಳ್ತರು?’ ಎಂದರು.

ಶಾಸ್ತ್ರಗ್ರಂಥಗಳಲ್ಲಿ ನಾನು ಕಂಡಿರುವ ಯಾವ ವಿಂಗಡಣೆಗಿಂತಲೂ ಈ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಬಿರುಗಾಳಿಯ ಕಾಲದಲ್ಲಿ ದೂರದಲ್ಲಿರುವವರಿಗೆ ಮೂರು ಬಗೆಯ ಸುದ್ದಿಗಳು ಬರುತ್ತವೆ. ಒಂದನೆಯದು ಗಾಳಿಯ ಸುದ್ದಿ: ಹವಾಮಾನ ಇಲಾಖೆಯವರು ಹೇಳುವಂಥದು. ಎರಡನೆಯದು ಗಾಳಿಸುದ್ದಿ: ಯಾರು ಹೇಳಿದರೆಂದು ತಿಳಿಯದೆ ಬಾಯಿಂದ ಬಾಯಿಗೆ ಹಾರಿ ಬರುವಂಥದು. ಮೂರನೆಯದು ಮನುಷ್ಯರ ಸುದ್ದಿ: ಇಂಥವರು ಇದ್ದಾರೆ, ಇಂಥ ಕಡೆ ಇದ್ದಾರೆ ಎಂದು ಹೆಸರು ಹಿಡಿದು ಹೇಳುವಂಥದು. ಮೂರನೆಯದು ಬಾರದೆ ಹೋದಾಗ ಮೊದಲನೆಯದು ಭಯವನ್ನು ಬೆಳೆಸುತ್ತದೆ. ಎರಡನೆಯದು ಆ ಭಯದ ಜಾಗದಲ್ಲಿ ಮನೆ ಕಟ್ಟುತ್ತದೆ.

ಗಾಳಿಯ ಸುದ್ದಿ ಕಳೆದ ಒಂದೂವರೆ ಶತಮಾನದಲ್ಲಿ ಬಹಳ ಮುಂದುವರಿದಿದೆ. ಕ್ಯೂಬಾದ ಹವಾನಾ ನಗರದ ಬೆಲೆನ್ ಕಾಲೇಜಿನ ವೀಕ್ಷಣಾಲಯದಲ್ಲಿದ್ದ ಪಾದ್ರಿ ಬೆನಿತೋ ವಿನ್ಯೆಸ್ ಎಂಬವರು ಮೋಡಗಳ ಚಲನೆಯನ್ನು ನೋಡಿ 1875ರ ಸೆಪ್ಟೆಂಬರಿನಲ್ಲಿ ಹರಿಕೇನಿನ ಮುನ್ನೆಚ್ಚರಿಕೆ ಕೊಟ್ಟರು. ನಮ್ಮ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದೂ ಅದೇ 1875ರಲ್ಲಿ. ಈಗಂತೂ ಉಪಗ್ರಹಗಳು ಆಕಾಶದಿಂದ ಹಗಲಿರುಳೂ ಕಾಯುತ್ತಿವೆ. ಅಷ್ಟು ದೂರ ಸಾಗಿರುವ ಗಾಳಿಯ ಸುದ್ದಿಯ ಹಿಂದೆ ಮನುಷ್ಯರ ಸುದ್ದಿ ಕುಂಟುತ್ತ ಬರುತ್ತಿದೆ.

ಇದಕ್ಕೆ ಹಳೆಯ ಉದಾಹರಣೆಯೊಂದನ್ನು ಕೊಡಬಹುದು. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಗ್ಯಾಲ್ವೆಸ್ಟನ್ ನಗರವಿರುವುದು ಒಂದು ದ್ವೀಪದ ಮೇಲೆ. 1900ನೆಯ ಇಸವಿಯ ಸೆಪ್ಟೆಂಬರ್ 8ರಂದು ಹರಿಕೇನ್ ಆ ಊರಿನ ಮೇಲೆ ಸಮುದ್ರವನ್ನೇ ಹತ್ತಿಸಿತು. ಕನಿಷ್ಠ ಆರು ಸಾವಿರ ಜನ ಸತ್ತರು. ಸೇತುವೆಗಳು ಮುರಿದವು, ತಂತಿಗಳು ಹರಿದವು. ಹೊರಗಿನವರಿಗೆ ತಿಳಿದದ್ದು ಒಂದೇ: ಗ್ಯಾಲ್ವೆಸ್ಟನ್ನಿನಿಂದ ಉತ್ತರ ಬರುತ್ತಿಲ್ಲ. ಮರುದಿನ ಆರು ಮಂದಿ ಉಳಿದಿದ್ದ ಹಡಗೊಂದರಲ್ಲಿ ನೀರು ದಾಟಿ, ಸೆಪ್ಟೆಂಬರ್ 10ರ ನಸುಕಿನಲ್ಲಿ ಹ್ಯೂಸ್ಟನ್ ಮುಟ್ಟಿ, ನಗರ ಹಾಳಾಗಿದೆಯೆಂದು ತಂತಿ ಕೊಟ್ಟರು. ಐನೂರು ಜನ ಸತ್ತಿರಬಹುದೆಂದು ಅವರು ಹೇಳಿದಾಗ ಅದು ಅತಿಶಯೋಕ್ತಿಯೆಂದು ಕೇಳಿದವರು ಭಾವಿಸಿದರಂತೆ. ದೂರದಲ್ಲಿರುವವನು ಕೆಟ್ಟದ್ದನ್ನು ಊಹಿಸುತ್ತಾನೆ ಎಂಬ ಮಾತು ಸಾಧಾರಣವಾಗಿ ನಿಜ. ಆದರೆ ಕೆಲವು ವೇಳೆ ನಿಜವೇ ಊಹೆಯನ್ನು ಮೀರಿ ಹೋಗಿರುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಗಾಳಿಸುದ್ದಿಯ ವಿಚಾರ. ನೀರು ತುಂಬಿದ ಹೆದ್ದಾರಿಯಲ್ಲಿ ಶಾರ್ಕ್ ಮೀನು ಈಜುತ್ತಿರುವ ಚಿತ್ರವೊಂದು 2017ರಲ್ಲಿ ಹ್ಯೂಸ್ಟನ್ನಿನ ಪ್ರವಾಹದ ಕಾಲಕ್ಕೆ ಎಲ್ಲೆಡೆ ಹರಿದಾಡಿತು. ಅದು ಜೋಡಿಸಿ ಮಾಡಿದ ಸುಳ್ಳು ಚಿತ್ರ. 2011ರಲ್ಲಿಯೇ ಪೋರ್ಟೋ ರಿಕೋದ ಬೀದಿಯೆಂದು ಹೇಳಿಕೊಂಡು ಒಮ್ಮೆ ಊರು ಸುತ್ತಿ ಬಂದಿತ್ತು. ಅದನ್ನು ಹರಡಿದವರಿಗೆ ಅದು ವಿನೋದ. ಆ ಊರಿನಲ್ಲಿ ತನ್ನ ಅಕ್ಕನೋ ಮಗನೋ ಇರುವವನಿಗೆ ಅದೇ ಚಿತ್ರ ಒಂದು ರಾತ್ರಿಯ ನಿದ್ರೆಯನ್ನು ತಿಂದುಹಾಕಬಲ್ಲದು. ನಮ್ಮ ಊರಿನಲ್ಲಿಯೂ ಓಖಿಯ ದಿನಗಳಲ್ಲಿ ‘ಯಾವುದೋ ದೋಣಿ ಮಗುಚಿದೆಯಂತೆ’ ಎಂಬ ಮಾತು ಮೀನುಪೇಟೆಯಲ್ಲಿ ಹುಟ್ಟಿ ಸಂಜೆಯ ಹೊತ್ತಿಗೆ ಮನೆಮನೆಯ ಬಾಗಿಲಿಗೆ ಬಂದು ನಿಂತಿತ್ತು. ‘ಯಾವುದೋ’ ಎಂಬ ಒಂದು ಮಾತು ಎಷ್ಟು ಮನೆಗಳ ಒಲೆಯನ್ನು ಆರಿಸಬಹುದೆಂಬುದನ್ನು ಅಂದು ನಾನು ನೋಡಿದೆ.

ಕತ್ತಲಾದ ದ್ವೀಪ

ಈಗ ಮರಿಯಾದ ವಿಚಾರಕ್ಕೆ ಬರೋಣ. ಪೋರ್ಟೋ ರಿಕೋ ಎಂಬುದು ಕೆರಿಬಿಯನ್ ಸಮುದ್ರದ ಒಂದು ದ್ವೀಪ. ವಿಸ್ತಾರದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. 1898ರಲ್ಲಿ ಅದು ಸ್ಪೇನಿನ ಕೈಯಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ಅಧೀನಕ್ಕೆ ಬಂದಿತು. 1917ರಲ್ಲಿ ಅಲ್ಲಿಯವರಿಗೆ ಅಮೆರಿಕದ ಪೌರತ್ವ ದೊರೆಯಿತು. ಅಲ್ಲಿಂದೀಚೆಗೆ ಕೂಲಿಯನ್ನೂ ಉದ್ಯೋಗವನ್ನೂ ಅರಸಿ ಆ ಜನ ನ್ಯೂಯಾರ್ಕ್, ಫ್ಲಾರಿಡಾ ಮುಂತಾದ ಕಡೆಗಳಿಗೆ ಹೋಗುತ್ತಲೇ ಬಂದರು. 2017ರ ಹೊತ್ತಿಗೆ ದ್ವೀಪದಲ್ಲಿದ್ದವರು ಸುಮಾರು 33 ಲಕ್ಷ. ಅಮೆರಿಕದ ಮುಖ್ಯಭೂಮಿಯಲ್ಲಿದ್ದ ಪೋರ್ಟೋ ರಿಕನ್ ಮೂಲದವರು 50 ಲಕ್ಷಕ್ಕೂ ಹೆಚ್ಚು. ಅಂದರೆ ಗಾಳಿಯಲ್ಲಿ ಸಿಕ್ಕಬಹುದಾಗಿದ್ದವರಿಗಿಂತ ದೂರದಲ್ಲಿ ಕುಳಿತು ಚಿಂತಿಸಬೇಕಾದವರ ಸಂಖ್ಯೆಯೇ ದೊಡ್ಡದು.

ಸೆಪ್ಟೆಂಬರ್ ಮೊದಲ ವಾರದಲ್ಲಿ ‘ಇರ್ಮಾ’ ಎಂಬ ಹರಿಕೇನ್ ದ್ವೀಪದ ಉತ್ತರಕ್ಕೆ ಹಾದುಹೋಗಿ ವಿದ್ಯುತ್ತಿನ ವ್ಯವಸ್ಥೆಯನ್ನು ಅರ್ಧ ಕೆಡಿಸಿತ್ತು. ಎರಡು ವಾರ ಕಳೆಯುವುದರೊಳಗೆ ಮರಿಯಾ ಬಂದಿತು. ಸೆಪ್ಟೆಂಬರ್ 18ರಂದು ಅದು ಡೊಮಿನಿಕಾ ಎಂಬ ಪುಟ್ಟ ದೇಶವನ್ನು ಐದನೆಯ ದರ್ಜೆಯ ಗಾಳಿಯಾಗಿ ಹೊಡೆಯಿತು. ಅಲ್ಲಿಯ ಪ್ರಧಾನಮಂತ್ರಿಯೇ ತನ್ನ ಮನೆಯ ಛಾವಣಿ ಹಾರಿಹೋಯಿತೆಂದು ಫೇಸ್‌ಬುಕ್ಕಿನಲ್ಲಿ ಬರೆದನು. 20ರ ಬೆಳಿಗ್ಗೆ ಆರೂಕಾಲರ ಸುಮಾರಿಗೆ ಮರಿಯಾ ಪೋರ್ಟೋ ರಿಕೋದ ಆಗ್ನೇಯ ತೀರದ ಯಾಬುಕೋವಾ ಊರಿನ ಬಳಿ ನೆಲವನ್ನು ಹೊಕ್ಕಿತು. ಆಗ ಗಾಳಿಯ ವೇಗ ಗಂಟೆಗೆ ಸುಮಾರು 250 ಕಿಲೋಮೀಟರು. ದ್ವೀಪವನ್ನು ಓರೆಯಾಗಿ ಸೀಳಿಕೊಂಡು ವಾಯವ್ಯದಿಂದ ಹೊರಬಿದ್ದಿತು. ಗಾಳಿಯನ್ನು ಅಳೆಯಲೆಂದು ಬೆಟ್ಟದ ಮೇಲೆ ಇಟ್ಟಿದ್ದ ರಾಡಾರ್ ಯಂತ್ರವನ್ನೂ ಗಾಳಿ ಕಿತ್ತುಕೊಂಡು ಹೋಯಿತು. ಇಡೀ ದ್ವೀಪದಲ್ಲಿ ವಿದ್ಯುತ್ ನಿಂತಿತು. ಮೊಬೈಲ್ ಗೋಪುರಗಳಲ್ಲಿ ನೂರಕ್ಕೆ 95 ಕೆಲಸ ನಿಲ್ಲಿಸಿದವು.

ಆಗ ನ್ಯೂಯಾರ್ಕಿನಲ್ಲಿದ್ದ ಮಗಳ ಸ್ಥಿತಿಯನ್ನು ಊಹಿಸಿಕೊಳ್ಳಿ. ಮೂರು ದಿನ ಮುಂಚಿನಿಂದ ಗಾಳಿಯ ದಾರಿಯನ್ನು ಗಂಟೆಗಂಟೆಗೂ ನೋಡಿದ್ದಾಳೆ. ಗಾಳಿ ಹೊಕ್ಕ ನಿಮಿಷವೂ ಅವಳಿಗೆ ತಿಳಿದಿದೆ. ಆಮೇಲೆ ಉಪಗ್ರಹ ತೆಗೆದ ರಾತ್ರಿಯ ಚಿತ್ರಗಳು ಪ್ರಕಟವಾದವು. ಬಿರುಗಾಳಿಯ ಮೊದಲು ದೀಪಗಳಿಂದ ಹೊಳೆಯುತ್ತಿದ್ದ ದ್ವೀಪ, ಅನಂತರ ಕಪ್ಪಗೆ. ನೂರಾರು ಕಿಲೋಮೀಟರು ಎತ್ತರದ ಆಕಾಶದಿಂದ ಅವಳು ತನ್ನ ಊರಿನ ಕತ್ತಲನ್ನು ನೋಡಬಲ್ಲಳು. ಆ ಕತ್ತಲಿನೊಳಗೆ ತಾಯಿಯ ಔಷಧ ಮುಗಿದಿದೆಯೇ ಇಲ್ಲವೇ ಎಂಬುದನ್ನು ಮಾತ್ರ ತಿಳಿಯಲಾರಳು. ಇಂದಿನ ಕಾಲದ ದೂರದ ಚಿಂತೆಯ ಲಕ್ಷಣವೇ ಇದು. ನಮ್ಮ ಅಜ್ಜಂದಿರಿಗೆ ಏನೂ ತಿಳಿಯುತ್ತಿರಲಿಲ್ಲ. ನಮಗೆ ಎಲ್ಲವೂ ತಿಳಿಯುತ್ತದೆ, ಬೇಕಾದ ಒಂದರ ಹೊರತು.

ಈ ಮೌನವನ್ನು ಒಡೆದವು ದೊಡ್ಡ ಯಂತ್ರಗಳಲ್ಲ, ಹಳೆಯ ಸಾಧನಗಳು. ರಾಜಧಾನಿ ಸಾನ್ ಹುವಾನಿನ ‘ವಾಪಾ ರೇಡಿಯೋ’ ಎಂಬ ಬಾನುಲಿ ಕೇಂದ್ರ ಗಾಳಿಯ ನಡುವೆಯೂ ನಿಲ್ಲದೆ ಪ್ರಸಾರ ಮಾಡಿತು. ಜನರು ಖುದ್ದಾಗಿ ಆ ಕೇಂದ್ರಕ್ಕೆ ನಡೆದು ಬಂದು ತಮ್ಮವರಿಗೆ ಹೇಳಬೇಕಾದ ಮಾತುಗಳನ್ನು ಕೊಟ್ಟು ಹೋದರು. ರೆಡ್‌ಕ್ರಾಸ್ ಸಂಸ್ಥೆಯ ಕೋರಿಕೆಯಂತೆ 22 ಮಂದಿ ಹವ್ಯಾಸಿ ರೇಡಿಯೋದವರು ತಮ್ಮ ಉಪಕರಣಗಳೊಡನೆ ದ್ವೀಪಕ್ಕೆ ಹೋಗಿ ಸುದ್ದಿಗಳನ್ನು ಸಾಗಿಸಿದರು. ಹೆದ್ದಾರಿಯ ಯಾವುದಾದರೂ ಜಾಗದಲ್ಲಿ ಸ್ವಲ್ಪ ಸಿಗ್ನಲ್ ಸಿಗುತ್ತದೆಯೆಂದು ತಿಳಿದರೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಜನರು ಕೈಯೆತ್ತಿ ಫೋನು ಹಿಡಿದು ನಿಲ್ಲುತ್ತಿದ್ದರು. ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಮಿತ್ರರಿಗೆ ಈ ದೃಶ್ಯವನ್ನು ಹೆಚ್ಚು ವರ್ಣಿಸಬೇಕಾಗಿಲ್ಲ.

ಗಾಳಿ ನಿಂತ ಮೇಲೆ

ಗಾಳಿ ನಿಂತ ಮೇಲೆ ಇನ್ನೇಕೆ ಚಿಂತೆ ಎಂದು ಸಮಾಧಾನ ಹೇಳುವವರು ಬಹಳ. ಮರಿಯಾದ ಚರಿತ್ರೆ ಈ ಸಮಾಧಾನವನ್ನು ಸುಳ್ಳು ಮಾಡಿತು. ದ್ವೀಪದ ಸರ್ಕಾರ ಬಹಳ ತಿಂಗಳುಗಳ ಪರ್ಯಂತ ಹೇಳಿದ ಸತ್ತವರ ಸಂಖ್ಯೆ 64. ಆದರೆ ವಿದ್ಯುತ್ ಇಲ್ಲದೆ ಉಸಿರಾಟದ ಯಂತ್ರ ನಿಂತವರು, ಮೂತ್ರಪಿಂಡದ ಚಿಕಿತ್ಸೆ ತಪ್ಪಿದವರು, ರಸ್ತೆ ಮುರಿದು ಆಸ್ಪತ್ರೆ ಮುಟ್ಟಲಾರದವರು ಈ ಲೆಕ್ಕದೊಳಗೆ ಸರಿಯಾಗಿ ಸೇರಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದವರೂ ಅವರ ಸಂಗಡಿಗರೂ 2018ರ ಆರಂಭದಲ್ಲಿ 3,299 ಮನೆಗಳಿಗೆ ಹೋಗಿ ವಿಚಾರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಕಟವಾದ ಅವರ ಅಂದಾಜು 4,645. ಸರ್ಕಾರವೇ ನೇಮಿಸಿದ್ದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ತಜ್ಞರು ಆಗಸ್ಟಿನಲ್ಲಿ ಕೊಟ್ಟ ಅಂದಾಜು 2,975. ಇದನ್ನೇ ಸರ್ಕಾರ ಒಪ್ಪಿಕೊಂಡಿತು. ಎರಡು ಅಂದಾಜುಗಳ ರೀತಿ ಬೇರೆ, ಅವಧಿಯೂ ಬೇರೆ. ಆದರೆ 64 ಎಂಬುದು ನಿಜವಲ್ಲವೆಂಬ ವಿಷಯದಲ್ಲಿ ಎರಡಕ್ಕೂ ಭೇದವಿಲ್ಲ.

ಆ ಮನೆಮನೆಯ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿಯಿದೆ. 2017ರ ಕೊನೆಯವರೆಗಿನ ಲೆಕ್ಕದಲ್ಲಿ ಸರಾಸರಿ ಒಂದು ಮನೆ 84 ದಿನ ವಿದ್ಯುತ್ತಿಲ್ಲದೆಯೂ 41 ದಿನ ಮೊಬೈಲ್ ಸಂಪರ್ಕವಿಲ್ಲದೆಯೂ ಇತ್ತು. ಗಾಳಿ ಬೀಸಿದ್ದು ಒಂದು ದಿನ. ಮೌನವಿದ್ದದ್ದು 41 ದಿನ. ದೂರದಲ್ಲಿದ್ದವರು ಅಷ್ಟು ದಿನ ಚಿಂತಿಸಿದರೆ ಅದನ್ನು ಮನಸ್ಸಿನ ದೌರ್ಬಲ್ಯವೆಂದು ಯಾರು ಹೇಳಬಲ್ಲರು? ಸರ್ಕಾರದ ಲೆಕ್ಕ ಸಮಾಧಾನ ಹೇಳುತ್ತಿದ್ದಾಗ ಅವರ ಕಳವಳವೇ ನಿಜಕ್ಕೆ ಹತ್ತಿರವಾಗಿತ್ತು. 2018ರ ಜೂನ್ ಒಂದರಂದು ಸಾನ್ ಹುವಾನಿನ ಶಾಸನಸಭೆಯ ಕಟ್ಟಡದ ಮುಂದೆ ಜನರು ಸತ್ತವರ ನೆನಪಿಗೆ ನೂರಾರು ಜೊತೆ ಪಾದರಕ್ಷೆಗಳನ್ನು ತಂದು ಇಟ್ಟರು. ಸಂಖ್ಯೆಯೊಳಗೆ ಸೇರದೆ ಉಳಿದವರನ್ನು ಅವರ ಮನೆಯವರು ಹಾಗೆ ಎಣಿಸಿ ತೋರಿಸಿದರು.

ನಮ್ಮ ಸಮುದ್ರದ ಮೌನ

ಪೋರ್ಟೋ ರಿಕೋದಲ್ಲಿ ಮೌನವಾದದ್ದು ನೆಲ. ಅದೇ ವರ್ಷ, ಎರಡು ತಿಂಗಳ ಅನಂತರ, ನಮ್ಮ ಕಡೆಯಲ್ಲಿ ಮೌನವಾದದ್ದು ಸಮುದ್ರ. ನವೆಂಬರ್ 29ರಂದು ಶ್ರೀಲಂಕೆಯ ಬಳಿ ಬರಿಯ ವಾಯುಭಾರ ಕುಸಿತವಾಗಿದ್ದದ್ದು ಮರುದಿನವೇ ಕನ್ಯಾಕುಮಾರಿಯ ಹತ್ತಿರ ಬಿರುಗಾಳಿಯಾಯಿತು. ಬಾಂಗ್ಲಾದೇಶದವರು ಸೂಚಿಸಿದ್ದ ಓಖಿ ಎಂಬ ಹೆಸರು ಅದಕ್ಕೆ ಬಂದಿತು. ಬಂಗಾಳಿಯಲ್ಲಿ ಹಾಗೆಂದರೆ ಕಣ್ಣು. ಅದು ಅಷ್ಟು ಬೇಗ ಬೆಳೆದುದರಿಂದ ಎಚ್ಚರಿಕೆ ಹೊರಡುವ ಹೊತ್ತಿಗೆ ಕನ್ಯಾಕುಮಾರಿ, ತಿರುವನಂತಪುರ ಕಡೆಯ ಮೀನುಗಾರರು ಆಗಲೇ ಸಮುದ್ರದಲ್ಲಿದ್ದರು. ಆಳಸಮುದ್ರದವರು ಹೊರಟು ಎಷ್ಟೋ ದಿನಗಳಾಗಿದ್ದವು. ಅವರ ದೋಣಿಗಳಲ್ಲಿದ್ದ ನಿಸ್ತಂತು ಯಂತ್ರಗಳ ಮಾತು ಕೆಲವೇ ಹತ್ತು ಕಿಲೋಮೀಟರುಗಳಾಚೆ ಕೇಳುವಂತಿರಲಿಲ್ಲ. ಎಚ್ಚರಿಕೆ ಅವರಿಗೆ ಮುಟ್ಟಲಿಲ್ಲ. ಅವರ ಕೂಗು ದಡಕ್ಕೆ ಮುಟ್ಟಲಿಲ್ಲ. ಕೇರಳ ಮತ್ತು ತಮಿಳುನಾಡುಗಳ ನೂರಾರು ಮಂದಿ ಹಿಂದಿರುಗಲಿಲ್ಲ.

ಗಾಳಿ ಹೊಡೆದ ಕಡೆಗೆ ದೋಣಿಗಳು ಚೆದರಿಹೋದವು. ಕೆಲವು ಲಕ್ಷದ್ವೀಪದಲ್ಲಿ ಸೇರಿಕೊಂಡವು. ಡಿಸೆಂಬರ್ ಮೊದಲಲ್ಲಿ 68 ದೋಣಿಗಳು 952 ಮೀನುಗಾರರೊಡನೆ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೇವಗಡ ಬಂದರನ್ನು ಸೇರಿದವೆಂದು ಆ ರಾಜ್ಯದ ಮುಖ್ಯಮಂತ್ರಿ ಪ್ರಕಟಿಸಿದರು. ಇದು ಎಷ್ಟು ಸಂತೋಷದ ವಾರ್ತೆ! ಆದರೂ 952 ಎಂಬುದು ಸಂಖ್ಯೆ. ಮನೆಯವರಿಗೆ ಬೇಕಾದದ್ದು ಹೆಸರು. ಆ 952ರಲ್ಲಿ ತನ್ನವನು ಸೇರಿದ್ದಾನೆಯೇ ಎಂದು ತಿಳಿಯುವ ತನಕ ಆ ಸಂತೋಷ ನೆರೆಮನೆಯದು.

ನಮ್ಮ ಮನೆಗೆ ಸುದ್ದಿ ಬಂದದ್ದು ಗಾಳಿ ಗುಜರಾತಿನ ಕಡೆ ಹೋಗಿ ಕುಗ್ಗಿತೆಂದು ಪತ್ರಿಕೆಯಲ್ಲಿ ಓದಿದ ಮರುದಿನ. ತಂದೆಯವರ ದೋಣಿ ಮಹಾರಾಷ್ಟ್ರದ ಒಂದು ಅಳಿವೆಯನ್ನು ಹೊಕ್ಕು ಲಂಗರು ಹಾಕಿತ್ತು. ಅಲ್ಲಿಯ ಯಾರೋ ಪುಣ್ಯಾತ್ಮರ ಫೋನಿನಿಂದ ತಂದೆ ಮಾತಾಡಿದರು. ‘ನಾವೆಲ್ಲ ಇದ್ದೇವೆ. ನೀರು ಮನೆವರೆಗೆ ಬಂತಾ?’ ಎಂದಷ್ಟೇ ಕೇಳಿದರು. ಗಾಳಿಯಲ್ಲಿ ಸಿಕ್ಕವರು ಅವರು. ಆದರೆ ದಡದ ಅಲೆಗಳಿಗೆ ಹತ್ತಿರವಾದ ಮನೆ ನಮ್ಮದು. ಆ ನಾಲ್ಕೈದು ದಿನ ನಾವು ಅವರಿಗಾಗಿ ಕಾದಂತೆಯೇ ಅವರೂ ನಮಗಾಗಿ ಕಾದಿದ್ದರೆಂಬುದು ಆ ಒಂದು ಪ್ರಶ್ನೆಯಿಂದ ತಿಳಿಯಿತು. ‘ಉಭಯ ಕುಶಲೋಪರಿ’ ಎಂಬುದರ ಭಾಷ್ಯವನ್ನು ಅದಕ್ಕಿಂತ ಚೆನ್ನಾಗಿ ಇದುವರೆಗೆ ಯಾರೂ ನನಗೆ ಹೇಳಿಲ್ಲ.

ನಮ್ಮ ಕರಾವಳಿಯವರ ಈ ಕಾಯುವಿಕೆ ಮೀನುಗಾರರ ಮನೆಗಳಿಗೆ ಮಾತ್ರ ಸೀಮಿತವಲ್ಲ. ಕೊಲ್ಲಿಯ ದೇಶಗಳಲ್ಲಿ ದುಡಿಯುವವರು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. 2021ರ ಸೆಪ್ಟೆಂಬರಿನಲ್ಲಿ ‘ಗುಲಾಬ್’ ಎಂಬ ಚಂಡಮಾರುತ ಪೂರ್ವ ಕರಾವಳಿಯಲ್ಲಿ ನೆಲ ಹತ್ತಿ, ಭಾರತವನ್ನು ಅಡ್ಡಲಾಗಿ ದಾಟಿ, ಅದರ ಶೇಷವೇ ಅರಬ್ಬಿ ಸಮುದ್ರದಲ್ಲಿ ಮತ್ತೆ ಹುಟ್ಟಿ, ‘ಶಾಹೀನ್’ ಎಂಬ ಹೆಸರಿನಿಂದ ಅಕ್ಟೋಬರ್ 3ರಂದು ಓಮಾನಿನ ಉತ್ತರ ತೀರವನ್ನು ಹೊಡೆಯಿತು. ಒಂದೇ ಗಾಳಿ ಮೊದಲು ದೇಶದಲ್ಲಿದ್ದವರ ಬಗ್ಗೆ ಅಲ್ಲಿಯವರನ್ನೂ, ಆಮೇಲೆ ಅಲ್ಲಿದ್ದವರ ಬಗ್ಗೆ ಇಲ್ಲಿಯವರನ್ನೂ ಚಿಂತೆಗೆ ಹಚ್ಚಿತು.

ಮೌನಕ್ಕೆ ಕಾನೂನು ಕೊಡುವ ಅರ್ಥ

ಸುದ್ದಿ ಬಾರದೆ ಇರುವುದಕ್ಕೆ ನ್ಯಾಯಶಾಸ್ತ್ರದಲ್ಲಿಯೂ ಒಂದು ಅರ್ಥವಿದೆ. ಒಬ್ಬನು ಬದುಕಿದ್ದರೆ ಸಹಜವಾಗಿ ಯಾರಿಗೆ ಅವನ ಸುದ್ದಿ ತಿಳಿಯುತ್ತಿತ್ತೋ ಅವರಿಗೆ ಏಳು ವರ್ಷ ಅವನ ಸುದ್ದಿ ತಿಳಿಯದಿದ್ದರೆ, ಅವನು ಬದುಕಿದ್ದಾನೆಂದು ಹೇಳುವವರೇ ಅದನ್ನು ರುಜುವಾತು ಮಾಡಬೇಕು. 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ನಿಯಮ 2024ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ‘ಸಹಜವಾಗಿ ಸುದ್ದಿ ತಿಳಿಯಬೇಕಾದವರು’ ಎಂಬ ಈ ಕಲ್ಪನೆಯನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಮನುಷ್ಯನ ಇರವನ್ನು ಕಾನೂನು ಕೂಡ ಅವನ ಕ್ಷೇಮಸಮಾಚಾರದಿಂದಲೇ ಅಳೆಯುತ್ತದೆ! ಆದರೆ ಏಳು ವರ್ಷವೆಂಬುದು ದಿನಗೂಲಿಯ ಮನೆಗೆ ಬಹಳ ದೀರ್ಘ. ಅಷ್ಟು ಕಾಲ ಹೆಂಡತಿ ವಿಧವೆಯೂ ಅಲ್ಲ, ಸುಮಂಗಲಿಯೆಂಬ ಧೈರ್ಯವೂ ಇಲ್ಲ. ಸಾಲಕ್ಕೆ ಸಹಿ ಮಾಡುವವರಿಲ್ಲ, ಪರಿಹಾರಕ್ಕೆ ಕಾಗದವಿಲ್ಲ. ಓಖಿಯ ಅನಂತರ ಕೇರಳ ಸರ್ಕಾರ ಕಾಣೆಯಾದವರ ಕುಟುಂಬಗಳಿಗೂ ಈ ಅವಧಿಯನ್ನು ಕಾಯದೆ ನೆರವು ಕೊಟ್ಟದ್ದು ಈ ದೃಷ್ಟಿಯಿಂದ ಸ್ತುತ್ಯವಾದ ಕಾರ್ಯ.

ಮಾಡಬೇಕಾದುದೇನು?

ಬಿರುಗಾಳಿಯನ್ನು ತಡೆಯುವುದು ಮನುಷ್ಯನಿಂದ ಸಾಧ್ಯವಿಲ್ಲ. ಮೌನವನ್ನು ಕಡಿಮೆ ಮಾಡುವುದು ಸಾಧ್ಯ. ನಮ್ಮಲ್ಲಿಯೇ ಈ ಕೆಲಸ ಸ್ವಲ್ಪ ಮುಂದುವರಿದಿದೆ. ಆಪತ್ತಿನಲ್ಲಿ ಗುಂಡಿಯೊತ್ತಿದರೆ ಉಪಗ್ರಹದ ಮೂಲಕ ದಡಕ್ಕೆ ಸೂಚನೆ ಮುಟ್ಟಿಸುವ ಯಂತ್ರವನ್ನು ನಮ್ಮ ಬಾಹ್ಯಾಕಾಶ ಸಂಸ್ಥೆಯಾದ ಇಸ್ರೋ ನಿರ್ಮಿಸಿದ್ದು, ಅದು 2010ರಿಂದ ಬಳಕೆಯಲ್ಲಿದೆ. ಆದರೆ ಮೊದಲಿನ ಯಂತ್ರದಲ್ಲಿ, ಕೂಗಿದವನಿಗೆ ತನ್ನ ಕೂಗು ಕೇಳಿಸಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ ಎರಡನೆಯ ಪೀಳಿಗೆಯ ಯಂತ್ರ ‘ನಿಮ್ಮ ಕೂಗು ಮುಟ್ಟಿದೆ’ ಎಂಬ ಉತ್ತರವನ್ನೂ ದೋಣಿಗೆ ಕಳುಹಿಸುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಎರಡೂ ಕಡೆ ಸಂದೇಶ ಹೋಗಿಬರುವ ಸಾಧನಗಳನ್ನು ಅಳವಡಿಸುವ ಯೋಜನೆ ಆರಂಭವಾಯಿತು. ವಿಜ್ಞಾನವೂ ಕೊನೆಗೆ ‘ಉಭಯ’ಕ್ಕೇ ಬಂದು ನಿಂತಿತು.

ಯಂತ್ರದಷ್ಟೇ ಮುಖ್ಯವಾದದ್ದು ಮನೆಮನೆಯ ಏರ್ಪಾಡು. ಇದಕ್ಕೆ ಹಣ ಬೇಕಾಗಿಲ್ಲ. ಮೊದಲನೆಯದಾಗಿ, ಗಾಳಿಯ ದಾರಿಯಿಂದ ದೂರವಿರುವ ಊರಿನ ನೆಂಟರೊಬ್ಬರನ್ನು ಎಲ್ಲರೂ ಸುದ್ದಿ ಮುಟ್ಟಿಸಬೇಕಾದ ವ್ಯಕ್ತಿಯೆಂದು ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳಬೇಕು. ಹತ್ತು ಮಂದಿ ಹತ್ತು ಮಂದಿಗೆ ಫೋನು ಮಾಡುವುದಕ್ಕಿಂತ ಎಲ್ಲರೂ ಒಬ್ಬರಿಗೆ ಹೇಳಿ, ಆ ಒಬ್ಬರಿಂದ ಎಲ್ಲರೂ ತಿಳಿಯುವುದು ಸುಲಭ. ಎರಡನೆಯದಾಗಿ, ಗಾಳಿಯ ಕಾಲದಲ್ಲಿ ಮಾತಾಡುವುದಕ್ಕಿಂತ ಎರಡು ಶಬ್ದದ ಸಂದೇಶ ಕಳುಹಿಸುವುದು ಲೇಸು. ತಂತಿಗಳೆಲ್ಲ ತುಂಬಿ ಕರೆ ಹೋಗದಿರುವಾಗಲೂ ಸಣ್ಣ ಸಂದೇಶ ನುಸುಳಿ ಹೋಗಬಹುದು. ಮೂರನೆಯದಾಗಿ, ಮುಖ್ಯವಾದ ನಂಬರುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಫೋನು ಸತ್ತಾಗ ಅದರೊಳಗಿನ ಹೆಸರುಗಳೂ ಅದರ ಜೊತೆಗೆ ಹೋಗುತ್ತವೆ. ನಾಲ್ಕನೆಯದಾಗಿ, ‘ಯಾವುದೋ ದೋಣಿ’, ‘ಯಾರೋ ಸತ್ತರಂತೆ’ ಎಂಬ ಮಾತನ್ನು ಹೆಸರು, ಊರು, ಹೇಳಿದವರು ಯಾರು ಎಂಬ ಮೂರೂ ತಿಳಿಯದೆ ಮುಂದಕ್ಕೆ ದಾಟಿಸಬಾರದು. ಓದುಬರಹ ಬಲ್ಲ ನಮ್ಮಂಥವರಿಗೆ ಇದು ವಿಶೇಷವಾದ ಕರ್ತವ್ಯ. ನಮ್ಮ ಕೈಯಲ್ಲಿರುವ ಫೋನನ್ನು ನಮ್ಮ ಮನೆಯ ಹಿರಿಯರು ವೇದವಾಕ್ಯವೆಂದು ನಂಬುತ್ತಾರೆ.

ಸರ್ಕಾರದ ಕಡೆಯಿಂದ ಆಗಬೇಕಾದದ್ದೂ ಒಂದಿದೆ. ಬಿರುಗಾಳಿಯ ಅನಂತರ ಅಕ್ಕಿ, ಸೀಮೆಎಣ್ಣೆ, ಹೊದಿಕೆ ಹಂಚುವಂತೆ ಹೆಸರುಗಳನ್ನೂ ಹಂಚಬೇಕು. ಯಾವ ಬಂದರಿಗೆ ಯಾವ ದೋಣಿ ಬಂದಿದೆ, ಯಾವ ಶಿಬಿರದಲ್ಲಿ ಯಾರಿದ್ದಾರೆ ಎಂಬ ಪಟ್ಟಿಯನ್ನು ಆಯಾ ದಿನವೇ ಆಯಾ ಭಾಷೆಯಲ್ಲಿ ಬಾನುಲಿಯಲ್ಲಿ ಓದಬೇಕು. ಆ ಪಟ್ಟಿಯನ್ನು ಕೇಳಲು ಅಕ್ಷರ ಬೇಕಾಗಿಲ್ಲ, ಸಿಗ್ನಲ್ಲೂ ಬೇಕಾಗಿಲ್ಲ. ಕ್ಷೇಮಸಮಾಚಾರವೂ ಪರಿಹಾರಸಾಮಗ್ರಿಯೇ ಎಂಬ ಭಾವನೆ ಅಧಿಕಾರಿಗಳಲ್ಲಿ ಬೇರೂರಿದರೆ ಸಾಕು, ಮಿಕ್ಕದ್ದೆಲ್ಲ ಕಷ್ಟವಲ್ಲ.

ದೂರದಲ್ಲಿದ್ದು ಚಿಂತಿಸುವುದು ನಿಷ್ಪ್ರಯೋಜಕವೆಂದು ಕೆಲವರು ಹೇಳುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಗ್ಯಾಲ್ವೆಸ್ಟನ್ನಿನಿಂದ ನೀರು ದಾಟಿ ಬಂದ ಆರು ಮಂದಿ, ಸಾನ್ ಹುವಾನಿನ ಬಾನುಲಿ ಕೇಂದ್ರಕ್ಕೆ ನಡೆದು ಹೋದವರು, ಫೋನು ಕೊಟ್ಟ ಆ ಅಳಿವೆಯ ಊರಿನ ಮನುಷ್ಯ, ಇವರೆಲ್ಲರೂ ಆಚೆಯ ದಡದಲ್ಲಿ ಯಾರೋ ಕಾಯುತ್ತಿದ್ದಾರೆಂಬುದನ್ನು ಬಲ್ಲವರು. ಕಾಯುವವರಿಲ್ಲದ ಕಡೆ ಸುದ್ದಿ ತರುವವರೂ ಹುಟ್ಟುವುದಿಲ್ಲ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಕರಾವಳಿಯಿಂದ ಬಂದ ಮಿತ್ರರು ಬಹಳ ಮಂದಿ ಇದ್ದಾರೆ. ಮುಂಗಾರಿಗೆ ಮೊದಲು ಮೇ ಜೂನ್‌ಗಳಲ್ಲಿಯೂ, ಅದು ಕಳೆದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಕಾಲ. ಆ ಕಾಲ ಬರುವುದಕ್ಕೆ ಮೊದಲೇ ಅವರು ಮನೆಗೊಂದು ನಂಬರನ್ನೂ, ಆ ನಂಬರಿಗೊಂದು ಹೆಸರನ್ನೂ ಗೊತ್ತುಮಾಡಿ ಬರೆದಿಟ್ಟರೆ ಈ ಲೇಖನವನ್ನು ಬರೆದ ಶ್ರಮ ಸಾರ್ಥಕವೆಂದು ತಿಳಿಯುತ್ತೇನೆ.